ಅಂಗೈ ಆಟದ ಪರದೆಗೆ ಬೆಳಕು ಎಲ್ಲಿಂದ?

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಗೇಮ್ ಬಾಯ್’ ಹೊರತಂದಾಗ ಅದರ ಪರದೆಯಲ್ಲಿ ಇದ್ದದ್ದು ಹಸಿರು ಛಾಯೆಯ ನಾಲ್ಕು ಮಟ್ಟಗಳಷ್ಟೆ. ಸ್ವಂತ ಬೆಳಕೂ ಇರಲಿಲ್ಲ. ಅದೇ ವರ್ಷ ಬಂದ ‘ಅಟಾರಿ ಲಿಂಕ್ಸ್’ಗೆ ಬಣ್ಣವೂ ಇತ್ತು, ಪರದೆಯ ಹಿಂದೆ ದೀಪವೂ ಇತ್ತು. ಆದರೂ ಗೆದ್ದದ್ದು ಗೇಮ್ ಬಾಯ್! ಬೆಲೆ ಕಡಿಮೆ, ಟೆಟ್ರಿಸ್ ಆಟದ ಆಕರ್ಷಣೆ ಬೇರೆ. ಜೊತೆಗೆ ಅದು ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು; ಲಿಂಕ್ಸ್ ಆರು ಸೆಲ್‌ಗಳನ್ನು ನಾಲ್ಕೈದು ಗಂಟೆಗಳಲ್ಲೇ ನುಂಗುತ್ತಿತ್ತು.

ಎಲ್‌ಸಿಡಿಯಲ್ಲಿರುವ ದ್ರವಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಎರಡು ಧ್ರುವಕ ಹಾಳೆಗಳ ನಡುವೆ ಕುಳಿತು, ವಿದ್ಯುತ್ ಕೊಟ್ಟಂತೆ ತನ್ನ ಅಣುಗಳ ತಿರುವನ್ನು ಬದಲಿಸಿ, ಬೆಳಕನ್ನು ಬಿಡುತ್ತದೆ ಇಲ್ಲವೆ ತಡೆಯುತ್ತದೆ. ಮನೆಯಲ್ಲಿ ಪೋಲರಾಯ್ಡ್ ತಂಪು ಕನ್ನಡಕವಿದ್ದರೆ ಅದರ ಮೂಲಕ ಕ್ಯಾಲ್ಕುಲೇಟರನ್ನು ನೋಡುತ್ತ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆಯೇ ಕಪ್ಪಾಗುತ್ತದೆ. ಗೇಮ್ ಬಾಯ್ ಕೋಣೆಯ ಬೆಳಕನ್ನೇ ಪ್ರತಿಫಲಿಸಿ ಕೆಲಸ ಸಾಗಿಸುತ್ತಿತ್ತು. ಕತ್ತಲಲ್ಲಿ ಏನೂ ಕಾಣದು. (ಆ ಕಾಲದ ತಾಯಂದಿರಿಗೆ ಅದೇ ಅನುಕೂಲವಾಗಿತ್ತೇನೋ!)

ಒಎಲ್‌ಇಡಿ ಪರದೆಯ ರೀತಿಯೇ ಬೇರೆ. ಅಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುವ ಪುಟ್ಟ ದೀಪ. ಕಪ್ಪು ಬೇಕಾದಲ್ಲಿ ದೀಪ ಆರಿರುತ್ತದೆ. ಎಲ್‌ಸಿಡಿಯಲ್ಲಾದರೋ ಹಿಂಬೆಳಕು ಸೋರಿ ಕಪ್ಪು ಬೂದಿಯಾಗುತ್ತದೆ. 2011ರ ಪ್ಲೇಸ್ಟೇಷನ್ ವೀಟಾ, 2021ರ ಸ್ವಿಚ್ ಒಎಲ್‌ಇಡಿಗಳ ಸೊಗಸು ಇದರಿಂದಲೇ. ಆದರೆ ಈ ಸಾವಯವ ವಸ್ತುಗಳು ಬೆಳಗಿದಷ್ಟೂ ಸವೆಯುತ್ತವೆ. ಮೂಲೆಯಲ್ಲಿ ಸದಾ ನಿಂತಿರುವ ಅಂಕಗಳ ಪಟ್ಟಿ ಕ್ರಮೇಣ ಕಲೆಯಾಗಿ ಉಳಿಯಬಹುದು. 2025ರ ಸ್ವಿಚ್ 2 ಮತ್ತೆ ಎಲ್‌ಸಿಡಿಗೇ ಮರಳಿತು, 7.9 ಇಂಚಿನ ಪರದೆಯೊಡನೆ.

ಬಳಸಿದ ಒಎಲ್‌ಇಡಿ ಸಾಧನ ಕೊಳ್ಳುವ ಪೋಷಕರು ಹಣ ಕೊಡುವ ಮುನ್ನ ಪರದೆಯ ತುಂಬ ಒಂದೇ ಬಣ್ಣ ತರಿಸಿ, ಹಳೆಯ ಚಿತ್ರದ ನೆರಳು ಉಂಟೇ ಎಂದು ನೋಡಿಕೊಳ್ಳಬೇಕು.