ಬಟವಾಡಿಯ ಒಂದು ಗಂಟೆ, ಒಂದೇ ನಿಮಿಷದಲ್ಲಿ

ಸಂಜೆ ಹೊತ್ತು ತುಮಕೂರಿನ ಬಟವಾಡಿಯಲ್ಲಿ ಬಿ.ಎಚ್. ರಸ್ತೆ ದಾಟಲು ತಾಳ್ಮೆ ಬೇಕು. ಎಪಿಎಂಸಿ ಯಾರ್ಡಿನ ಲಾರಿ, ಬಸ್ಸು, ಆಟೊ, ಬೈಕು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಇಂಥ ಒಂದು ಗಂಟೆಯ ಓಡಾಟವನ್ನು ಒಂದು ನಿಮಿಷಕ್ಕೆ ಇಳಿಸಿ ತೋರಿಸುವುದೇ ಟೈಮ್‌ಲ್ಯಾಪ್ಸ್. ಅದಕ್ಕೆ ದುಬಾರಿ ಸಲಕರಣೆಯೇನೂ ಬೇಡ. ಮದುವೆ, ಪ್ರವಾಸಕ್ಕೆಂದು ಕೊಂಡು ಈಗ ಬೀರುವಿನಲ್ಲಿ ಕೂತಿರುವ ಡಿಜಿಟಲ್ ಕ್ಯಾಮೆರಾದ ವಿಡಿಯೊ ಗುಂಡಿ, ಒಂದು ಸ್ಟ್ಯಾಂಡು, ರಸ್ತೆ ಕಾಣುವ ಮಾಳಿಗೆ ಇದ್ದರೆ ಆಯಿತು.

ತಂತ್ರ ಹಳೆಯದು. ಬ್ರಿಟನ್ನಿನ ಪರ್ಸಿ ಸ್ಮಿತ್ 1910ರಲ್ಲೇ ಮೊಗ್ಗು ಅರಳುವುದನ್ನು ಹೀಗೆ ಸೆರೆಹಿಡಿದು ‘ದಿ ಬರ್ತ್ ಆಫ್ ಎ ಫ್ಲವರ್’ ಚಿತ್ರ ಮಾಡಿದ್ದರು. ರೂಢಿಯಲ್ಲಿ ಕೆಲವು ಸೆಕೆಂಡಿಗೊಂದು ಫೋಟೊ ತೆಗೆದು ಸಾಲಾಗಿ ಜೋಡಿಸುತ್ತಾರೆ. ತಾನಾಗಿ ಹಾಗೆ ಕ್ಲಿಕ್ಕಿಸುವ ಸೌಲಭ್ಯ ಎಲ್ಲ ಕ್ಯಾಮೆರಾಗಳಲ್ಲೂ ಇರುವುದಿಲ್ಲ. ವಿಡಿಯೊದ ದಾರಿ ಇದಕ್ಕೆ ತಿರುಗುಮುರುಗು: ಮೊದಲು ಎಲ್ಲವನ್ನೂ ಚಿತ್ರೀಕರಿಸುವುದು, ಬೇಡದ್ದನ್ನು ಆಮೇಲೆ ಬಿಡುವುದು.

ಸೆಕೆಂಡಿಗೆ 25 ಫ್ರೇಮ್‌ನಂತೆ ಒಂದು ಗಂಟೆಗೆ 90,000 ಫ್ರೇಮ್ ಸಿಗುತ್ತವೆ. ಅರವತ್ತಕ್ಕೊಂದರಂತೆ ಇಟ್ಟುಕೊಂಡರೆ ಉಳಿಯುವುದು 1,500, ಅಂದರೆ 60 ಸೆಕೆಂಡಿನ ಚಿತ್ರ. ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್‌ನಂಥ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಎಷ್ಟು ವೇಗ ಬೇಕೆಂದು ಮೊದಲೇ ತೀರ್ಮಾನಿಸಬೇಕಿಲ್ಲ ಎಂಬುದೇ ಇಲ್ಲಿನ ದೊಡ್ಡ ಅನುಕೂಲ. ವಾಹನಗಳಿಗೆ ಹತ್ತಿಪ್ಪತ್ತು ಪಟ್ಟು ಚೆಂದ ಕಂಡರೆ, ದೇವರಾಯನದುರ್ಗದ ಮೇಲೆ ಸಾಗುವ ಮಳೆಮೋಡಕ್ಕೆ ಅರವತ್ತು ಪಟ್ಟು ಹಾಕಿ ನೋಡಬಹುದು.

ಕೆಡುವುದು ಹೆಚ್ಚಾಗಿ ‘ಆಟೊ’ ಸೆಟಿಂಗಿನಿಂದ. ಬಿಳಿ ಲಾರಿಯೊಂದು ಅಡ್ಡ ಬಂದರೆ ಕ್ಯಾಮೆರಾ ಬೆಳಕು ತಗ್ಗಿಸುತ್ತದೆ, ಲಾರಿ ಹೋದೊಡನೆ ಏರಿಸುತ್ತದೆ. ಸಾಮಾನ್ಯ ವೇಗದಲ್ಲಿ ಗಮನಕ್ಕೇ ಬಾರದ ಈ ಏರಿಳಿತ, ವೇಗ ಹೆಚ್ಚಿಸಿದಾಗ ಕಣ್ಣಿಗೆ ಹೊಡೆಯುವ ಮಿನುಗಾಟವಾಗುತ್ತದೆ. ಹೀಗಾಗಿ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮೊದಲೇ ಲಾಕ್ ಮಾಡಬೇಕು.

ಇನ್ನೊಂದು ತೊಡಕು ಸಮಯದ್ದು. ಅನೇಕ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಅರ್ಧ ಗಂಟೆ ಮೀರಿ ಚಿತ್ರೀಕರಿಸುವ ಕ್ಯಾಮೆರಾವನ್ನು ಯುರೋಪಿನ ಒಕ್ಕೂಟ ವಿಡಿಯೊ ಕ್ಯಾಮೆರಾ ಎಂದೇ ಪರಿಗಣಿಸಿ ಹೆಚ್ಚು ಸುಂಕ ಹಾಕುತ್ತಿತ್ತು; ತಯಾರಕರು ಈ ಮಿತಿ ಇಟ್ಟದ್ದು ಅದಕ್ಕೆ. ಪರಿಹಾರ ಸುಲಭ: ನಿಂತ ತಕ್ಷಣ ಗುಂಡಿ ಮತ್ತೆ ಒತ್ತುವುದು. ಅರವತ್ತು ಪಟ್ಟು ವೇಗದಲ್ಲಿ ಉಳಿಯುವ ಎರಡು ಫ್ರೇಮ್‌ಗಳ ನಡುವೆ ಹೇಗೂ 2.4 ಸೆಕೆಂಡು ಅಂತರವಿರುತ್ತದೆ. ಎರಡು ಸೆಕೆಂಡು ತಡವಾದರೂ ನೋಡುವವರಿಗೆ ಗೊತ್ತಾಗದು.

ಸೆಕೆಂಡಿಗೆ 24 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುವ ಕ್ಯಾಮೆರಾ ಗಂಟೆಗೆ ಮೆಮೊರಿ ಕಾರ್ಡಿನ ಸುಮಾರು 11 ಜಿಬಿ ಜಾಗ ನುಂಗುತ್ತದೆ. ಬ್ಯಾಟರಿ ಇನ್ನೊಂದು ಇರಲಿ.

ಸ್ಪಷ್ಟತೆಯಲ್ಲಿ ಮಾತ್ರ ಫೋಟೊದ್ದೇ ಮೇಲುಗೈ. ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮ್‌ನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್. 24 ಮೆಗಾಪಿಕ್ಸೆಲ್ ಫೋಟೊದಲ್ಲಿ 2.4 ಕೋಟಿ. ನಕ್ಷತ್ರಗಳಿಗೆ ಶಟರ್ ಹಲವು ಸೆಕೆಂಡು ತೆರೆದಿರಬೇಕು, ವಿಡಿಯೊದ ಫ್ರೇಮ್‌ಗೆ ಸಿಗುವುದು ಸೆಕೆಂಡಿನ 25ನೇ ಒಂದು ಭಾಗವಷ್ಟೇ. ತಿಂಗಳುಗಟ್ಟಲೆ ಏಳುವ ಕಟ್ಟಡಕ್ಕೂ ವಿಡಿಯೊ ಒಗ್ಗದು. ಅಲ್ಲಿ ಒಂದೇ ಜಾಗದಿಂದ ದಿನಕ್ಕೊಂದು ಫೋಟೊ ತೆಗೆಯಬೇಕು. ವರ್ಷದ 365 ಫೋಟೊ ಸೇರಿಸಿದರೆ ಸಿಗುವುದು 15 ಸೆಕೆಂಡಿಗೂ ಕಡಿಮೆ ಉದ್ದದ ಚಿತ್ರ.