ಸೈಬರ್ ಸುರಕ್ಷತೆಯ ಪದವಿ: ಸಾಲದ ಕಂತು, ಮೊದಲ ಸಂಬಳ

ಶಿಕ್ಷಣ ಸಾಲದ ಕಾಗದಪತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ಓದಬೇಕಾದದ್ದು ಮರುಪಾವತಿ ಪಟ್ಟಿ, ಅಂದರೆ ಯಾವ ತಿಂಗಳು ಎಷ್ಟು ಕಂತು ಕಟ್ಟಬೇಕು, ಅದರಲ್ಲಿ ಅಸಲಿಗೆ ಹೋಗುವುದೆಷ್ಟು, ಬಡ್ಡಿಗೆಷ್ಟು ಎಂಬುದನ್ನು ಸಾಲುಸಾಲಾಗಿ ತೋರಿಸುವ ಹಾಳೆ. ಸೈಬರ್ ಸುರಕ್ಷತೆಯ ಬಿ.ಇ. ಸೀಟಿಗಾಗಿ ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಗಳಲ್ಲಿ 8 ಲಕ್ಷ ರೂಪಾಯಿಯನ್ನು ಶೇ 10ರ ಬಡ್ಡಿಗೆ ಪಡೆಯಲಾಗಿದೆ ಎಂದಿಟ್ಟುಕೊಂಡು ಈ ಪಟ್ಟಿಯನ್ನು ತೆರೆದರೆ, ಮೊದಲ ಸಾಲಿನಲ್ಲಿ ಕಾಣುವ ಅಸಲು 8 ಲಕ್ಷವಲ್ಲ, 10.8 ಲಕ್ಷ.

ಹೆಚ್ಚಾದ 2.8 ಲಕ್ಷ ಬಂದದ್ದು ಮಾರಟೋರಿಯಂ ಎಂಬ ವಿರಾಮದಿಂದ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಸರಳ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿದ್ದು, ವಿರಾಮ ಮುಗಿದ ದಿನ ಅದೆಲ್ಲವೂ ಅಸಲಿಗೆ ಸೇರಿಕೊಳ್ಳುತ್ತದೆ. ಹತ್ತು ವರ್ಷಗಳ ಮರುಪಾವತಿಯಾದರೆ ತಿಂಗಳ ಕಂತು ಸುಮಾರು 14,270 ರೂಪಾಯಿಯಾಗುತ್ತದೆ, ಹದಿನೈದು ವರ್ಷಕ್ಕೆ ಎಳೆದರೆ 11,600ಕ್ಕೆ ಇಳಿಯುತ್ತದೆಯಾದರೂ ಒಟ್ಟು ಕಟ್ಟುವ ಹಣ 20 ಲಕ್ಷವನ್ನು ದಾಟುತ್ತದೆ.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸ ಪದವೀಧರರಿಗೆ ಕೊಡುವ ವಾರ್ಷಿಕ ವೇತನವು ಒಂದು ದಶಕಕ್ಕೂ ಹೆಚ್ಚು ಕಾಲದಿಂದ 3.5 ಲಕ್ಷದ ಆಸುಪಾಸಿನಲ್ಲಿಯೇ ನಿಂತಿದೆ. ಭದ್ರತಾ ಕ್ಷೇತ್ರಕ್ಕೆ ಬರುವವರಿಗೆ ಸಾಮಾನ್ಯವಾಗಿ ದೊರೆಯುವ ಮೊದಲ ಹುದ್ದೆ ‘ಸಾಕ್’ ಎಂದು ಕರೆಯಲಾಗುವ ಭದ್ರತಾ ಕಾರ್ಯಾಚರಣೆ ಕೇಂದ್ರದ ಮೊದಲ ಹಂತದ ವಿಶ್ಲೇಷಕನದು, ಅಂದರೆ ಸಂಸ್ಥೆಯ ಜಾಲದಿಂದ ಬರುವ ಎಚ್ಚರಿಕೆ ಸಂದೇಶಗಳನ್ನು ಹಗಲು ರಾತ್ರಿ ಪಾಳಿಗಳಲ್ಲಿ ಕಾದು ನೋಡಿ, ನಿಜವಾದ ದಾಳಿಯನ್ನು ಹುಸಿ ಎಚ್ಚರಿಕೆಯಿಂದ ಬೇರ್ಪಡಿಸುವ ಕೆಲಸ. ದಾಳಿಯ ಅರಿವಾದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರಲ್ಲಿ ಆದೇಶಿಸಿದ ಮೇಲೆ ಇಂಥ ಕಾವಲುಗಾರರ ಅಗತ್ಯ ಇನ್ನಷ್ಟು ಸ್ಪಷ್ಟವಾಗಿದೆ. ಆದರೆ ಅಗತ್ಯವಿದ್ದ ಮಾತ್ರಕ್ಕೆ ಆರಂಭದ ಸಂಬಳ ಏರುವುದಿಲ್ಲ. ಕೈಗೆ 25 ಸಾವಿರ ಬರುವ ಯುವಕನೊಬ್ಬ ಬೆಂಗಳೂರಿನಲ್ಲಿ 14 ಸಾವಿರದ ಕಂತು ಕಟ್ಟಿ, ಉಳಿದದ್ದರಲ್ಲಿ ಪಿ.ಜಿ. ಬಾಡಿಗೆ ಕೊಟ್ಟು ಊಟ ಮಾಡಬೇಕೆಂದರೆ, ಆ ಲೆಕ್ಕ ಕೂಡುವುದು ಬಹಳ ಕಷ್ಟ.

ತೆರಿಗೆ ವಿನಾಯಿತಿಯಿಂದ ಈ ಹೊರೆ ತಗ್ಗುತ್ತದೆ ಎಂಬ ಭರವಸೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಪರೀಕ್ಷಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಮು ಶಿಕ್ಷಣ ಸಾಲದ ಬಡ್ಡಿಯನ್ನು ಯಾವುದೇ ಮಿತಿಯಿಲ್ಲದೆ ಆದಾಯದಿಂದ ಕಳೆಯಲು ಅವಕಾಶ ಕೊಟ್ಟಿತು. ಆದರೆ ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷಗಳಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 3.5 ಲಕ್ಷ ಸಂಬಳದವನು ತೆರಿಗೆಯನ್ನೇ ಕಟ್ಟಬೇಕಾಗಿಲ್ಲವಾದ್ದರಿಂದ ಕಳೆಯುವುದಕ್ಕೆ ಅವನಲ್ಲಿ ಏನೂ ಇರುವುದಿಲ್ಲ, ಎಂಟು ವರ್ಷಗಳ ಗಡಿಯಾರ ಮಾತ್ರ ನಡೆದೇ ಇರುತ್ತದೆ. ಬಡ್ಡಿಯ ಪಾಲು ಅತಿ ಹೆಚ್ಚಾಗಿರುವ ಆರಂಭದ ವರ್ಷಗಳಲ್ಲಿ ನಿರುಪಯುಕ್ತವಾಗಿ, ಸಂಬಳ ಏರಿ ತೆರಿಗೆ ಬೀಳುವ ಹೊತ್ತಿಗೆ ಮುಗಿಯುತ್ತಾ ಬರುವ ಈ ಸೌಲಭ್ಯವು ಬಡ ಪದವೀಧರನಿಗಿಂತ ಚೆನ್ನಾಗಿ ಗಳಿಸುವವನಿಗೇ ಹೆಚ್ಚು ಒದಗುತ್ತದೆ ಎಂಬುದು ನ್ಯಾಯವಾದ ಏರ್ಪಾಡಲ್ಲ.

ಅಮೆರಿಕದಲ್ಲಿ 2000ದ ಸುಮಾರಿಗೆ ಆರಂಭವಾದ ಸೈಬರ್‌ಕೋರ್ ವಿದ್ಯಾರ್ಥಿವೇತನವು, ಈ ಓದಿನ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಬೇರೊಂದು ಉತ್ತರ ಹುಡುಕಿತು: ಶುಲ್ಕವನ್ನೂ ಜೀವನವೆಚ್ಚವನ್ನೂ ಸರ್ಕಾರ ಭರಿಸುತ್ತದೆ, ಪಡೆದಷ್ಟೇ ಕಾಲ ವಿದ್ಯಾರ್ಥಿ ಸರ್ಕಾರಿ ಭದ್ರತಾ ಹುದ್ದೆಯಲ್ಲಿ ದುಡಿಯಬೇಕು, ತಪ್ಪಿದರೆ ಆ ಹಣ ಸಾಲವಾಗಿ ಮಾರ್ಪಡುತ್ತದೆ. ಭಾರತದಲ್ಲಿ 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯು 8 ಲಕ್ಷದವರೆಗಿನ ವಾರ್ಷಿಕ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ವಿರಾಮದ ಅವಧಿಯಲ್ಲಿ ಶೇ 3ರ ಬಡ್ಡಿ ನೆರವು ನೀಡುತ್ತದೆ. ಆದರೆ ಕಾಲೇಜು ಆ ಯೋಜನೆಯ ಗುಣಮಟ್ಟದ ಪಟ್ಟಿಯಲ್ಲಿರಬೇಕು.

ಪದವಿಯ ಹೆಸರಿಗಾಗಿಯೇ ಹೆಚ್ಚು ಶುಲ್ಕ ತೆರುವುದು ಅಗತ್ಯವೇ ಎಂಬುದನ್ನೂ ಯೋಚಿಸಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಶಾಖೆಗಳಲ್ಲಿ ‘ಇಂಟರ್ನೆಟ್ ಆಫ್ ಥಿಂಗ್ಸ್, ಬ್ಲಾಕ್‌ಚೈನ್ ಒಳಗೊಂಡ ಸೈಬರ್ ಸೆಕ್ಯುರಿಟಿ’ ಎಂಬ ಉದ್ದನೆಯ ಹೆಸರಿನದೂ ಒಂದಿದೆ. ಆದರೆ ನೆಟ್‌ವರ್ಕ್, ಲಿನಕ್ಸ್, ಪ್ರೋಗ್ರಾಮಿಂಗ್ ಈ ಮೂರರಲ್ಲಿ ಗಟ್ಟಿಯಾದವನು ಸಾಮಾನ್ಯ ಕಂಪ್ಯೂಟರ್ ಸೈನ್ಸ್ ಪದವಿಯಿಂದಲೂ ಭದ್ರತೆಯ ಕೆಲಸಕ್ಕೆ ಸೇರಬಲ್ಲನು.

ಸಾಲ ಮಾಡಲೇಬೇಕಾದ ಕುಟುಂಬಕ್ಕೆ ಇರುವ ಅತ್ಯಂತ ಪರಿಣಾಮಕಾರಿ ಉಪಾಯವೆಂದರೆ ವಿರಾಮದ ಕಾಲದಲ್ಲಿಯೇ ಬಡ್ಡಿ ಕಟ್ಟಿಬಿಡುವುದು. ಮೇಲಿನ ಉದಾಹರಣೆಯಲ್ಲಿ ಅದು ಮೊದಲ ವರ್ಷ ತಿಂಗಳಿಗೆ ಸುಮಾರು 1,670 ರೂಪಾಯಿಯಿಂದ ಆರಂಭವಾಗಿ, ಕೊನೆಗೆ 6,670ಕ್ಕೆ ಏರುತ್ತದೆ. ಹಾಗೆ ಮಾಡಿದರೆ ಹತ್ತು ವರ್ಷದ ಕಂತು 14,270ರ ಬದಲು 10,570ರಲ್ಲಿ ನಿಲ್ಲುತ್ತದೆ, ಮಾದರಿ ಯೋಜನೆಯಂತೆ ಬ್ಯಾಂಕು ಶೇ 1ರ ಬಡ್ಡಿ ರಿಯಾಯಿತಿಯನ್ನೂ ಕೊಡಬಹುದು. ಆದುದರಿಂದ ಸಹಸಾಲಗಾರರಾಗಿ ಸಹಿ ಹಾಕುವ ತಂದೆತಾಯಂದಿರು, ವಿರಾಮದ ಬಡ್ಡಿ ಕೂಡಿಸಿದ ಒಂದು, ಕೂಡಿಸದ ಇನ್ನೊಂದು, ಹೀಗೆ ಎರಡು ಮರುಪಾವತಿ ಪಟ್ಟಿಗಳನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆದು ಓದಿದ ಮೇಲೆಯೇ ಪೆನ್ನು ಹಿಡಿಯಬೇಕು.