ಹಿಮ್ಮಡಿಯ ಒಂದು ತೊಟ್ಟು ನೆತ್ತರು

ಗರ್ಭ ನಿಂತುದು ತಿಳಿದಂದಿನಿಂದ ಮೊದಲ್ಗೊಂಡು ಹೆರಿಗೆಯವರೆಗೆ ಕೀಟನಾಶಕ, ಬಣ್ಣ, ಹೊಗೆ ಮುಂತಾದವುಗಳಿಂದ ದೂರವಿದ್ದರೆ ಶಿಶುವಿಗೆ ಯಾವ ಬಾಧಕವೂ ಇರಲಾರದಲ್ಲವೆ ಎಂದು ಓದುಗರಾದ ತಾಯಿಯೊಬ್ಬರು ಬರೆದು ಕೇಳಿದ್ದಾರೆ. ಆ ಎಚ್ಚರಿಕೆ ಅತ್ಯಂತ ಉಚಿತವಾದುದೇ. ಆದರೆ ಅದರ ಹಿಂದಿರುವ ಎಣಿಕೆ, ಎಂದರೆ ತಾಯಿಯ ದೇಹವು ಒಂಬತ್ತು ತಿಂಗಳ ಲೆಕ್ಕವನ್ನು ಮಾತ್ರವೇ ಇಡುತ್ತದೆಂಬ ಭಾವನೆ, ನಿಜವಲ್ಲ. ಇದನ್ನು ಇಟಲಿಯ ಸೆವೆಸೋ ಎಂಬ ಊರಿನ ಶಿಶುಗಳು ತೋರಿಸಿಕೊಟ್ಟ ಬಗೆಯನ್ನು ಓದಿದಾಗಲೆಲ್ಲ ನನಗೆ ಹೊಸದಾಗಿ ವಿಸ್ಮಯವಾಗುತ್ತದೆ.

ಮಿಲಾನ್ ನಗರದ ಉತ್ತರಕ್ಕೆ, ಮೇಡಾ ಎಂಬಲ್ಲಿದ್ದ ಇಕ್ಮೆಸಾ ರಾಸಾಯನಿಕ ಕಾರ್ಖಾನೆಯಲ್ಲಿ, 1976ರ ಜುಲೈ 10ರ ಶನಿವಾರ ಮಧ್ಯಾಹ್ನ, ಟ್ರೈಕ್ಲೋರೋಫೀನಾಲ್ ತಯಾರಿಸುವ ಪಾತ್ರೆಯೊಂದು ಮಿತಿಮೀರಿ ಕಾದು, ಡಯಾಕ್ಸಿನ್ ಬೆರೆತ ಮೋಡವೊಂದು ಹೊರನುಗ್ಗಿ ದಕ್ಷಿಣಕ್ಕಿದ್ದ ಸೆವೆಸೋ ಊರಿನ ಮೇಲೆ ಹಾದುಹೋಯಿತು. ಮೊಲಗಳೂ ಕೋಳಿಗಳೂ ಸತ್ತುಬಿದ್ದವು. ಮಕ್ಕಳ ಮುಖದಲ್ಲಿ ಗುಳ್ಳೆಗಳೆದ್ದವು. ವಿಷವು ಅತ್ಯಧಿಕವಾಗಿ ಬಿದ್ದ 'ಎ' ವಲಯದಿಂದ 700ಕ್ಕೂ ಹೆಚ್ಚು ಜನರನ್ನು ಹೊರಡಿಸಬೇಕಾಯಿತು. ಡಯಾಕ್ಸಿನ್ ಕೊಬ್ಬಿನಲ್ಲಿ ಕರಗಿ ನೆಲಸುವ ಪದಾರ್ಥ. ಒಮ್ಮೆ ಒಳಹೊಕ್ಕರೆ ವಯಸ್ಕರ ದೇಹದಿಂದ ಅದರ ಅರ್ಧಭಾಗ ತೊಲಗುವುದಕ್ಕೆ ಏಳೆಂಟು ವರ್ಷಗಳೇ ಬೇಕು.

ಇಟಲಿಯಲ್ಲಿ ಹುಟ್ಟಿದ ಶಿಶುವಿನ ಹಿಮ್ಮಡಿಯಿಂದ, ಮೂರು ದಿನ ತುಂಬುವುದರೊಳಗೆ, ಒಂದು ತೊಟ್ಟು ನೆತ್ತರನ್ನು ತೆಗೆದು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಅಳೆಯುವ ಪದ್ಧತಿಯುಂಟು. ಪಿಟ್ಯುಟರಿ ಗ್ರಂಥಿಯು ಗಂಟಲಿನ ಥೈರಾಯ್ಡ್ ಗ್ರಂಥಿಗೆ, ಇನ್ನಷ್ಟು ದುಡಿಯೆಂದು ಕಳುಹಿಸುವ ಆಜ್ಞಾಪತ್ರವೇ ಈ ಹಾರ್ಮೋನು. ಥೈರಾಯ್ಡ್ ಹಿಂಜರಿದಷ್ಟೂ ಇದು ಏರುತ್ತದೆ. ಸಂಶೋಧಕ ಆಂಡ್ರಿಯಾ ಬಕಾರೆಲ್ಲಿಯವರೂ ಅವರ ಸಹೋದ್ಯೋಗಿಗಳೂ 1994ರಿಂದ 2005ರವರೆಗೆ ಜನಿಸಿದ 1,014 ಶಿಶುಗಳ ಈ ದಾಖಲೆಗಳನ್ನು ಹುಡುಕಿ ತೆಗೆದು, ತಾಯಂದಿರು ದುರಂತದ ಕಾಲದಲ್ಲಿ ಯಾವ ವಲಯದಲ್ಲಿದ್ದರೆಂಬುದರೊಡನೆ ಹೋಲಿಸಿ ನೋಡಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಟಿಎಸ್‌ಎಚ್ ಮಿಲಿಲೀಟರಿಗೆ 5 ಮೈಕ್ರೋಯೂನಿಟ್‌ಗಿಂತ ಮೇಲೇರಿದ ಶಿಶುಗಳು, ವಿಷ ತಾಗದ ಪ್ರದೇಶದ ತಾಯಂದಿರಲ್ಲಿ ನೂರಕ್ಕೆ 2.8, ವಿಷ ಕಡಿಮೆ ಬಿದ್ದ 'ಬಿ' ವಲಯದವರಲ್ಲಿ 4.9, 'ಎ' ವಲಯದವರಲ್ಲಿ 16.1! ಅಯೋಡಿನ್ ಕೊರತೆಯಿಲ್ಲದ ಜನಸಮುದಾಯದಲ್ಲಿ ಈ ಪ್ರಮಾಣ ನೂರಕ್ಕೆ ಮೂರನ್ನು ಮುಟ್ಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ವರ್ಷಗಳನ್ನು ಲೆಕ್ಕಹಾಕಬೇಕು. ಮೋಡವು ಹಾದುಹೋದಾಗ ಈ ತಾಯಂದಿರಲ್ಲಿ ಬಹುಮಂದಿ ಇನ್ನೂ ಬಾಲಕಿಯರು, ಇಲ್ಲವೆ ಹದಿಹರೆಯದವರು. ಅಂದು ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯ ಮೈಸೇರಿದ ವಿಷವು, ಆಕೆ ಬೆಳೆದು, ಮದುವೆಯಾಗಿ, ಎರಡು ದಶಕಗಳಿಗೂ ಮಿಕ್ಕ ಕಾಲ ಸಂದಮೇಲೆ, ಅಂದು ಹುಟ್ಟಿಯೇ ಇರದಿದ್ದ ಜೀವಿಯೊಂದರ ಹಾರ್ಮೋನನ್ನು ಕದಲಿಸಿತು. ಇದು ಬರಿಯ ವಲಯವಾರು ಸಾದೃಶ್ಯವೂ ಅಲ್ಲ. 51 ತಾಯಿಮಕ್ಕಳ ಜೋಡಿಗಳಲ್ಲಿ ತಾಯಿಯ ರಕ್ತದ ಡಯಾಕ್ಸಿನನ್ನೇ ಅಳೆದು ನೋಡಿದಾಗಲೂ, ಅದು ಹೆಚ್ಚಿದಂತೆ ಶಿಶುವಿನ ಟಿಎಸ್‌ಎಚ್ ಹೆಚ್ಚಿದುದು ಕಂಡುಬಂತು. ಈ ಏರಿಕೆಯೆಂದರೆ ರೋಗವೇ ಎಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಮಿದುಳಿನ ಬೆಳವಣಿಗೆಗೆ ಥೈರಾಯ್ಡ್ ಹಾರ್ಮೋನು ಅನಿವಾರ್ಯವಾದುದರಿಂದ ಇದನ್ನು ಅಲ್ಪವೆಂದು ತಳ್ಳಿಹಾಕುವಂತೆಯೂ ಇಲ್ಲ.

ನಮ್ಮ ಮನೆಗಳಲ್ಲಾದರೋ, ಗ್ರಹಣದ ದಿನ ಗರ್ಭಿಣಿಯನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿ, ಆಕೆ ತರಕಾರಿ ಹೆಚ್ಚಿದರೆ ಶಿಶುವಿನ ತುಟಿ ಸೀಳುವುದೆಂದು ಇಂದಿಗೂ ಹೆದರಿಸುತ್ತಾರೆ. ಚಂದ್ರನ ನೆರಳಿಗಾಗಲಿ ಭೂಮಿಯ ನೆರಳಿಗಾಗಲಿ ಅಂತಹ ಶಕ್ತಿ ಲವಲೇಶವೂ ಇಲ್ಲ. ಈ ಅಜ್ಞಾನವನ್ನು ವಿದ್ಯಾವಂತರೂ ಪೋಷಿಸುತ್ತಿರುವುದು ನಿಜಕ್ಕೂ ಖಂಡನೀಯ. ಭಯಪಡಬೇಕಾದುದು ಹಿತ್ತಿಲಿನಲ್ಲಿದೆ. ಪಿವಿಸಿ ಕೊಳವೆಯ ಚೂರು, ತಂತಿಯ ಹೊದಿಕೆ ಮುಂತಾದ ಕ್ಲೋರಿನ್ ಉಳ್ಳ ಪ್ಲಾಸ್ಟಿಕ್ಕುಗಳನ್ನು ಕಸದೊಡನೆ ಅರೆಬರೆ ಸುಟ್ಟಾಗ ಹುಟ್ಟುವುದೂ ಡಯಾಕ್ಸಿನ್ನೇ. ಸೆವೆಸೋದ ಪ್ರಮಾಣಕ್ಕೆ ಅದು ಸಮವಲ್ಲವಾದರೂ, ಹುಲ್ಲಿನ ಮೇಲೆ ಬಿದ್ದು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನ ಮೂಲಕ ನಮ್ಮನ್ನು ತಲಪುವ ಹಾದಿಯಂತೂ ಅದಕ್ಕೆ ತೆರೆದೇ ಇದೆ.

ಆದಕಾರಣ ಗರ್ಭಿಣಿಯ ರಕ್ಷಣೆಯನ್ನು ಹತ್ತು ವರ್ಷದ ಹುಡುಗಿಯಿಂದಲೇ ಆರಂಭಿಸಿರಿ. ಪ್ಲಾಸ್ಟಿಕ್ ಕಸಕ್ಕೆ ಬೆಂಕಿಯಿಡಬೇಡಿರಿ. ಹಿಮ್ಮಡಿಯ ನೆತ್ತರಿನ ಪರೀಕ್ಷೆ ನಮ್ಮಲ್ಲಿ ಎಲ್ಲೆಡೆಯೂ ತಾನಾಗಿ ನಡೆಯುವುದಿಲ್ಲವಾಗಿ, ಹೆರಿಗೆಯಾದ ಆಸ್ಪತ್ರೆಯಲ್ಲಿ ಅದನ್ನು ಕೇಳಿ ಮಾಡಿಸಿರಿ. ಥೈರಾಯ್ಡಿನ ನಿಜವಾದ ಕೊರತೆಯಿದ್ದ ಪಕ್ಷದಲ್ಲಿ, ಮೊದಲ ಕೆಲವು ವಾರಗಳಲ್ಲೇ ಆರಂಭಿಸಿದ ಥೈರಾಕ್ಸಿನ್ ಮಾತ್ರೆಯು ಬುದ್ಧಿಮಾಂದ್ಯವನ್ನು ತಡೆಯಬಲ್ಲುದು.